ಮನೆ ಬಟ್ಟೆಗೆ ಗುರುತಿಲ್ಲ

ಫೆಬ್ರವರಿ ೪, ಮಂಗಳವಾರ

ಬರಿ ಬರಿ ಎಂದರೆ ಏನು ಬರೆಯುವುದು. ಲಕ್ವ ಹೊಡೆದ ಕೈಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಬರುವ ಹುಡುಗಿ ಈ ಪುಸ್ತಕ ಕೊಟ್ಟು ಹೋಗಿದ್ದಾಳೆ. ದಿನಾ ಒಂದಿಷ್ಟು ಬರೆದರೆ ಬೆರಳು ಸಡಿಲವಾಗುತ್ತವಂತೆ. "ಏನ್ ಬೇಕಾದ್ರೂ ಬರೀರಿ ಅಜ್ಜಿ, ನಾನೇನು ಓದಲ್ಲ" ಅಂದಳು. ಓದಿದರೆ ಕೈ ಮುರಿಯುತ್ತೇನೆ ಅಂದೆ. "ಮುರೀರಿ. ಅಷ್ಟು ಶಕ್ತಿ ಬಂದ್ರೆ ನನ್ನ ಕೆಲಸ ಮುಗೀತು" ಅಂದಳು. ನಾಲಿಗೆ ಉದ್ದ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆಮೇಲೆ ಬರೆದದ್ದೆಲ್ಲ ಅಂಗಡಿಯ ಚೀಟಿ. ಪ್ಯಾಂಟು ಎರಡು, ಅಂಗಿ ಮೂರು, ಕಲೆ ಮೊದಲೇ ಇತ್ತು.

ನಮ್ಮದು ಲಾಂಡ್ರಿ. ಮುಂದೆ ಅಂಗಡಿ, ಹಿಂದೆ ಒಗೆಯುವ ಕೋಣೆ, ಮೇಲೆ ಮನೆ. ಮನೆಯಲ್ಲಿ ನಾನು, ಮಗಳು, ಮಗಳ ಮಗಳು ಪುಟ್ಟಿ. ಅಳಿಯನೂ ಇದ್ದಾನೆ.

ಇವತ್ತು ಎದುರಂಗಡಿಯ ಬೀಗದವನು ನನ್ನ ಕಡೆ ನೋಡಿ ನಕ್ಕ. ನಾನು ಮುಖ ತಿರುಗಿಸಿದೆ. ಇವನ ಮಗ ಮಾತ್ರೆ, ಪುಡಿ ಮಾರುವವರ ಜೊತೆ ಸಿಕ್ಕಿಬಿದ್ದಾಗ ಇವನು ಠಾಣೆಗೆ ಹೋಗಿ, ಆ ಸಂಜೆ ಮಗ ತನ್ನ ಜೊತೆ ಅಂಗಡಿಯಲ್ಲೇ ಕೂತಿದ್ದ ಎಂದು ಹೇಳಿ ಬಿಡಿಸಿಕೊಂಡು ಬಂದ. ಆ ಸಂಜೆ ಅವನ ಅಂಗಡಿ ಬಾಗಿಲು ಹಾಕಿತ್ತು. ಎದುರಿಗೆ ಕೂತವಳು ನಾನು, ನನಗೆ ಗೊತ್ತಿಲ್ಲವೇ. ನನ್ನ ಮಗನಾಗಿದ್ದರೆ ಕುತ್ತಿಗೆ ಪಟ್ಟಿ ಹಿಡಿದು ನಾನೇ ಎಳೆದುಕೊಂಡು ಹೋಗಿ ಒಪ್ಪಿಸುತ್ತಿದ್ದೆ. ಊರಿನ ಬೀಗ ತೆಗೆಯುವವನಿಗೆ ಸ್ವಂತ ಬಾಯಿಯ ಬೀಗ ಎಲ್ಲಿ ಹಾಕಬೇಕೆಂದು ಗೊತ್ತಿಲ್ಲ. ಅವತ್ತಿನಿಂದ ಅವನ ಜೊತೆ ನನಗೆ ಮಾತಿಲ್ಲ.

ಕೈ ನೋಯುತ್ತಿದೆ. ಸಾಕು.

ಫೆಬ್ರವರಿ ೬, ಗುರುವಾರ

ಬೆರಳು ಊದಿದೆ. ಬರೆಯುವುದಿಲ್ಲ.

ಫೆಬ್ರವರಿ ೧೧, ಮಂಗಳವಾರ

ಅಳಿಯ ನಾಲ್ಕು ಟವೆಲ್ಲು ತಂದ. ಎಲ್ಲ ಒಂದೇ ತರಹದವು, ಬಿಳಿ, ಅಂಚಿಗೆ ನೀಲಿ ಗೆರೆ. "ತಲೆಗೊಂದು ಅತ್ತೆ. ಇನ್ನು ಯಾರ ಟವೆಲ್ಲು ಯಾರು ಒದ್ದೆ ಮಾಡಿದ್ರು ಅನ್ನೋ ಜಗಳ ಇಲ್ಲ." ಗೋಡೆಗೆ ನಾಲ್ಕು ಮೊಳೆ ಹೊಡೆದ. ಒಂದು ಸೊಟ್ಟ.

ಅವನ ಟವೆಲ್ಲನ್ನು ನೀರು ಮುಟ್ಟುವ ಮೊದಲೇ ತೆಗೆದುಕೊಂಡು ಮೂಲೆಗೆ ಗುರುತು ಹಾಕಿದೆ. ನಮ್ಮ ಅಂಗಡಿಗೆ ಬರುವ ಬಟ್ಟೆಗೆಲ್ಲ ಒಳಮಗ್ಗುಲಲ್ಲಿ ಕೆಂಪು ನೂಲಿನಲ್ಲಿ ಗುರುತು ಹೊಲಿಯುತ್ತೇನೆ. ಪ್ರತಿ ಗಿರಾಕಿಗೂ ಬೇರೆ ಬೇರೆ. ಎರಡು ಚುಕ್ಕೆ, ಮೂರು ಗೆರೆ, ಅರ್ಧ ಚಂದ್ರ. ಹಾಸ್ಟೆಲಿಗೆ ಏಣಿ. ಒಗೆದು ರಾಶಿ ಹಾಕಿದ ಮೇಲೆ ಯಾರದ್ದು ಯಾವುದು ಎಂದು ಗುರುತೇ ಹೇಳಬೇಕು. ಮನೆಯವರ ಬಟ್ಟೆಗೆ ಮಾತ್ರ ಗುರುತು ಹಾಕುವುದಿಲ್ಲ. ರಾಶಿಯಲ್ಲಿ ಗುರುತಿಲ್ಲದ್ದು ಕಂಡರೆ ಅದು ಮೇಲಕ್ಕೆ ಹೋಗಬೇಕು, ಅಷ್ಟೆ.

ಅಳಿಯ ಈ ಮನೆಗೆ ಬಂದು ಎಂಟು ವರ್ಷ. ಬಂದ ದಿನವೇ ಅವನ ಬಟ್ಟೆಗೆ ಇಂಟು ಮಾರ್ಕು ಹಾಕಿದೆ. ಮಗಳು ಬರೆದ ತಪ್ಪು ಉತ್ತರಕ್ಕೆ ನಾನು ಹಾಕಿದ ಮಾರ್ಕು. ನಾನು ತೋರಿಸಿದ ಒಬ್ಬನನ್ನೂ ಒಪ್ಪದೆ, ಎಂಟು ಕಡೆ ಎಂಟು ಕೆಲಸ ಬಿಟ್ಟ ಈ ಹಲ್ಲುಕಿರುಕನನ್ನು ಕಟ್ಟಿಕೊಂಡಳು. ನಮ್ಮ ಇಸ್ತ್ರಿಯವನು ಇದನ್ನು ಬೀದಿಗೆಲ್ಲ ಹೇಳಿ ನಗಿಸುತ್ತಾನೆ. ಲಾಂಡ್ರಿ ಅಮ್ಮನ ಮನೆಯಲ್ಲಿ ಅಳಿಯನೂ ಗಿರಾಕಿಯೇ ಅಂತ. ನಗಲಿ. ನಾನು ತಮಾಷೆಗೆ ಹಾಕಿದ್ದಲ್ಲ.

ಇವತ್ತು ಕೈ ನಡುಗಿ ಇಂಟು ಸೊಟ್ಟಗಾಯಿತು. ಅವನು ಎತ್ತಿ ಹಿಡಿದು ನೋಡಿದ. "ಅತ್ತೆ, ಇದು ಇಂಟು ಅಲ್ಲ, ಪ್ಲಸ್ಸು. ಎಂಟು ವರ್ಷಕ್ಕೆ ಬಡ್ತಿ ಸಿಕ್ತು ನನಗೆ."

"ನಿನ್ನ ಹಲ್ಲು ಒಳಗೆ ಹಾಕು" ಅಂದೆ.

ಫೆಬ್ರವರಿ ೧೩, ಗುರುವಾರ

ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗಿನಿಂದ ಹಾಸ್ಟೆಲಿನ ಗಂಟುಗಳನ್ನು ಮಗಳೇ ಕಟ್ಟುತ್ತಾಳೆ. ಇಸ್ತ್ರಿಯವನು ಮುಟ್ಟಿದರೂ ಸಿಡುಕುತ್ತಾಳೆ. ನಾನು ಸುಮ್ಮನೆ ಒಂದು ಗಂಟು ಸರಿಸಲು ಹೋದೆ. "ಅಮ್ಮ, ಬಿಡು, ನೀನು ಎತ್ತಬಾರದು" ಎಂದು ಕೈಯಿಂದ ಕಿತ್ತುಕೊಂಡಳು. ನನ್ನ ಮಗಳೇ, ಸಂಶಯವಿಲ್ಲ. ಅವಳಿಲ್ಲದಿದ್ದರೆ ಅಂಗಡಿ ಮುಚ್ಚುತ್ತಿತ್ತು. ಹಾಸ್ಟೆಲು ಕೈ ಬಿಟ್ಟಿದ್ದರೆ ನಮ್ಮ ಅರ್ಧ ಕೆಲಸ ಹೋಗುತ್ತಿತ್ತು, ಅವಳು ಹೋಗಿ ಮಾತಾಡಿ ಉಳಿಸಿಕೊಂಡಳು. ಬಾಯಿಬಿಟ್ಟು ಹೊಗಳಲಿಲ್ಲ. ಹೊಗಳಿದರೆ ನಾನು ಸಾಯುತ್ತಿದ್ದೇನೆ ಅಂದುಕೊಳ್ಳುತ್ತಾಳೆ.

ಬೆಳಿಗ್ಗೆ ಅವಳಿಗೆ ಪುರುಸೊತ್ತಿಲ್ಲ ಎಂದು ಅಳಿಯ ಪುಟ್ಟಿಗೆ ಜಡೆ ಹಾಕಿದ. ಗಾಡಿಗೆ ಗಂಟು ಬಿಗಿಯುವ ಹಗ್ಗದ ಹಾಗಿತ್ತು. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಪುಟ್ಟಿ ಕನ್ನಡಿ ನೋಡಿ, "ಅಪ್ಪ, ನನ್ನನ್ನ ಶಾಲೆಗೆ ಕಳಿಸ್ತಿದ್ದೀಯೋ ಡೆಲಿವರಿಗೋ" ಅಂತ ಕೇಳಿತು. ಈ ಮಗುವಿಗೆ ನನ್ನ ಬಾಯಿ ಬಂದಿದೆ.

ಫೆಬ್ರವರಿ ೧೭, ಸೋಮವಾರ

ಅಳಿಯನನ್ನು ಪೊಲೀಸರು ಹಿಡಿದರು.

ಹಾಸ್ಟೆಲಿಗೆ ಬಟ್ಟೆ ತಲುಪಿಸಲು ಹೊರಟಿದ್ದ. ದಾರಿಯಲ್ಲಿ ಗಾಡಿ ನಿಲ್ಲಿಸಿ ಗಂಟು ಬಿಚ್ಚಿಸಿದ್ದಾರೆ. ಹೊದಿಕೆಗಳ ನಡುವೆ ಒಂದು ಪೊಟ್ಟಣ, ತುಂಬ ಮಾತ್ರೆ. ಯಾವ ಮಾತ್ರೆ ಎಂದು ಬೀದಿಗೆಲ್ಲ ಗೊತ್ತು. ಮಧ್ಯಾಹ್ನ ನಾಲ್ವರು ಬಂದು ಅಂಗಡಿ, ಮನೆ ಎಲ್ಲ ತಡಕಿದರು. ಇಸ್ತ್ರಿ ಮಾಡಿಟ್ಟದ್ದನ್ನೆಲ್ಲ ಮುದುರಿ ಹೋದರು. ಏನೂ ಸಿಗಲಿಲ್ಲ.

ನಾನು ಮೊದಲು ಅಂದದ್ದು, ನನಗೆ ಗೊತ್ತಿತ್ತು. ಎಂಟು ವರ್ಷದಿಂದ ಹೇಳುತ್ತಿದ್ದೇನೆ. ಎಲ್ಲರೆದುರು ಹಲ್ಲು ಕಿರಿಯುವವನ ಹೊಟ್ಟೆಯಲ್ಲಿ ಏನಾದರೂ ಇದ್ದೇ ಇರುತ್ತದೆ. ಮಗಳು ಗೋಡೆಗೆ ಆತುಕೊಂಡು ನಿಂತಿದ್ದಳು. ಗಂಡ ಹೀಗೆ ಮಾಡಿದರೆ ಇನ್ನೇನು ಮಾಡುತ್ತಾಳೆ.

ಬೀಗದವನು ಅಂಗಡಿ ಬಾಗಿಲಿಗೆ ಬಂದು, "ಅಕ್ಕ, ಏನಾದ್ರೂ ಬೇಕಾದ್ರೆ ಕರೀರಿ" ಅಂದ. ನಿನ್ನಿಂದ ಏನು ಬೇಕು ಅಂದೆ. ಹೋದ.

ಫೆಬ್ರವರಿ ೧೮, ಮಂಗಳವಾರ

ಇನ್‌ಸ್ಪೆಕ್ಟರ್ ತಾನೇ ಬಂದ. ಅವನ ಯೂನಿಫಾರ್ಮು ನಮ್ಮಲ್ಲೇ ಇಸ್ತ್ರಿಯಾಗುವುದು. ಮೂರು ಗೆರೆಯವನು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಟವೆಲ್ಲು ತಂದಿದ್ದ. ಪೊಟ್ಟಣವನ್ನು ಅದರಲ್ಲಿ ಸುತ್ತಿದ್ದರಂತೆ. ಬಿಳಿ, ಅಂಚಿಗೆ ನೀಲಿ ಗೆರೆ.

"ಗಂಟಿನಲ್ಲಿದ್ದ ಎಲ್ಲಾ ಬಟ್ಟೆಗೂ ಕೆಂಪು ನೂಲಿನ ಗುರುತು ಇದೆ ಅಮ್ಮ. ಇದೊಂದಕ್ಕೆ ಇಲ್ಲ. ಯಾಕೆ?"

"ಮರೆತಿರಬೇಕು."

"ನೀವು ಮರೀತೀರಾ?"

"ಲಕ್ವ ಹೊಡೆದಿದೆ. ಹೆಸರೇ ಮರೆತುಹೋಗುತ್ತೆ."

"ಹೋದ ತಿಂಗಳು ನನ್ನ ಅಂಗಿಗೆ ಒಂದು ಗುಂಡಿ ಕಮ್ಮಿ ಇತ್ತು ಅಂತ ನಮ್ಮ ಪೇದೆನ ಬೀದೀಲಿ ನಿಲ್ಲಿಸಿ ಬೈದ್ರಿ. ಅದು ಲಕ್ವ ಆದಮೇಲೆ."

ಅವನು ಹೋದ ಮೇಲೆ ಮೆಟ್ಟಿಲು ಹತ್ತಿ ಮೇಲೆ ಬಂದೆ. ನಾಲ್ಕು ಮೊಳೆ. ಒಂದರಲ್ಲಿ ನನ್ನ ಟವೆಲ್ಲು. ಒಂದರಲ್ಲಿ ಪುಟ್ಟಿಯದು, ಬಣ್ಣದ ಕಲೆ ಮೆತ್ತಿಕೊಂಡದ್ದು. ಸೊಟ್ಟ ಮೊಳೆಯಲ್ಲಿ ಅಳಿಯನದು, ಮೂಲೆಯಲ್ಲಿ ಪ್ಲಸ್ಸು. ಮಗಳ ಮೊಳೆ ಖಾಲಿ.



ಫೆಬ್ರವರಿ ೧೯, ಬುಧವಾರ

ಒಗೆಯುವ ಕೋಣೆಯಲ್ಲಿ ಮೆಷಿನ್ ಹಾಕಿಸಿ, ಆ ಸದ್ದಿನಲ್ಲಿ ಮಗಳನ್ನು ಕೇಳಿದೆ. "ನಿನ್ನ ಟವೆಲ್ಲು ಎಲ್ಲಿ?"

ಅವಳು ಸುಳ್ಳು ಹೇಳಲಿಲ್ಲ. ಅಷ್ಟು ಮಟ್ಟಿಗೆ ಬೆಳೆಸಿದ್ದೇನೆ.

ನಾನು ಆಸ್ಪತ್ರೆಯಲ್ಲಿದ್ದಾಗ ಹಾಸ್ಟೆಲಿನ ಮೇಲ್ವಿಚಾರಕ ಕರೆಸಿ, ಬಟ್ಟೆಯನ್ನು ಇನ್ನು ಬೇರೆ ಕಡೆ ಕೊಡುತ್ತೇವೆ ಅಂದನಂತೆ. ಇವಳು ಕಾಲು ಹಿಡಿಯುವುದೊಂದು ಬಾಕಿ. ಆಗ ಅವನು, ಹಾಗಾದರೆ ಒಂದು ಸಣ್ಣ ಉಪಕಾರ, ನಮ್ಮವನೊಬ್ಬ ಅಂಗಡಿಗೆ ತಂದು ಕೊಡುವ ಪೊಟ್ಟಣವನ್ನು ಆಗಾಗ ಹೊದಿಕೆಗಳ ನಡುವೆ ಇಟ್ಟು ಕಳಿಸು, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ ಅಂದ.

"ಏನು ಅಂತ ಕೇಳಲಿಲ್ವಾ?"

"ಮೊದಲ ಸಲ ಕೇಳಲಿಲ್ಲ. ಎರಡನೇ ಸಲ ಕೇಳೋ ಹಾಗಿರಲಿಲ್ಲ. ಗೊತ್ತಿತ್ತು."

"ಅವನಿಗೆ ಗೊತ್ತಾ? ನಿನ್ನ ಗಂಡನಿಗೆ?"

"ಇಲ್ಲಮ್ಮ. ಗಂಟು ಕಟ್ಟಿ ಕೊಡ್ತಿದ್ದೆ, ತಗೊಂಡು ಹೋಗ್ತಿದ್ರು. ದಾರಿಯುದ್ದ ಹಾಡು ಹೇಳ್ಕೊಂಡು."

"ಟವೆಲ್ಲಿನಲ್ಲಿ ಯಾಕೆ ಸುತ್ತಿದೆ?"

"ಈ ಸಲದ ಪೊಟ್ಟಣದ ಕಾಗದ ಹರಿದಿತ್ತು. ಗಿರಾಕಿ ಬಟ್ಟೇಲಿ ಸುತ್ತಿದ್ರೆ ಗುರುತು ನೋಡಿ ಅವರನ್ನ ಹಿಡೀತಾರೆ, ಪಾಪ ಅನ್ನಿಸ್ತು. ಗುರುತಿಲ್ಲದ್ದು ಹುಡುಕಿದೆ. ಸಿಕ್ಕಿದ್ರೂ ಯಾರದ್ದು ಅಂತ ಗೊತ್ತಾಗಲ್ಲ ಅಂದ್ಕೊಂಡೆ."

"ಗುರುತಿಲ್ಲದ್ದೇ ಕಣೇ ನಮ್ಮ ಮನೆ ಗುರುತು" ಅಂದೆ. ಹೊಡೆಯಲು ಕೈ ಎತ್ತಿದೆ. ಬಲಗೈ ಮೇಲಕ್ಕೆ ಹೋಗಲಿಲ್ಲ. ಎಡಗೈಯಲ್ಲಿ ಹೊಡೆದು ನನಗೆ ಅಭ್ಯಾಸವಿಲ್ಲ.

ಅವಳು ಅಳುತ್ತಾ, "ನಾನು ಹೋಗಿ ಹೇಳಿಬಿಡ್ತೀನಿ" ಅಂದಳು.

"ಬಾಯಿ ಮುಚ್ಚು. ಪುಟ್ಟಿಗೆ ಏನಂತ ಹೇಳ್ತೀಯ? ಮೆಷಿನ್ ನಿಂತಿದೆ, ಬಟ್ಟೆ ತೆಗಿ."

ತೆಗೆದಳು.

ಯೋಚನೆ ಮಾಡಿದೆ. ಈ ಮನೆಯನ್ನು ಎತ್ತಿ ಹಿಡಿದಿರುವವಳು ಇವಳು. ನನ್ನ ಕೈ ಸತ್ತಿದೆ. ಇವಳು ಹೋದರೆ ಅಂಗಡಿ ಇಲ್ಲ, ಮಗುವಿಗೆ ತಾಯಿ ಇಲ್ಲ. ಅಳಿಯ ಹೋದರೆ ಗಾಡಿ ಓಡಿಸುವವನು ಇನ್ನೊಬ್ಬ ಸಿಗುತ್ತಾನೆ. ಗಂಡಸು, ಒಳಗೆ ಒಂದಷ್ಟು ಕಾಲ ಇದ್ದು ಬರುತ್ತಾನೆ. ಅವನು ಎಲ್ಲಿದ್ದರೂ ಹಲ್ಲು ಕಿರಿಯುತ್ತಾನೆ. ನ್ಯಾಯ ಎಂದು ನಾನು ಹೇಳುತ್ತಿಲ್ಲ. ಇದ್ದದ್ದನ್ನು ಹೇಳುತ್ತಿದ್ದೇನೆ.

ಫೆಬ್ರವರಿ ೨೦, ಗುರುವಾರ

ಇಸ್ತ್ರಿಯವನು ಟೀ ಕುಡಿದು ಬಂದವನು ಹಿಗ್ಗಿ ಹಿಗ್ಗಿ ಹೇಳಿದ. "ಅಮ್ಮ, ಇನ್‌ಸ್ಪೆಕ್ಟರ್ ನನ್ನ ಕೂರಿಸ್ಕೊಂಡು ಟೀ ಕೊಡಿಸಿದ್ರು. ಗುರುತಿನ ವಿಷಯ ಎಲ್ಲಾ ಕೇಳಿದ್ರು. ಅಳಿಯನೂ ಗಿರಾಕಿನೇ ಅನ್ನೋದು ಹೇಳ್ದೆ. ನಗ್ತಾರೆ ಅಂದ್ಕೊಂಡ್ರೆ ನಗಲೇ ಇಲ್ಲ. 'ಹಾಗಾದ್ರೆ ಆ ಟವೆಲ್ಲು ಅವನದ್ದಲ್ಲ' ಅಂದ್ರು."

"ಇನ್ನೇನಂದ?"

"ಕೋರ್ಟಿಗೆ ಹೋಗ್ತಿದ್ದೀನಿ, ಅಲ್ಲಿಂದ ಬಂದು ಅವನ ಬಟ್ಟೆ ನೋಡ್ತೀನಿ ಅಂದ್ರು."

ಒಂದು ಟೀಗೆ ಮನೆ ಮಾರಿ ಬಂದಿದ್ದಾನೆ ಮುಠ್ಠಾಳ. ಬಟ್ಟೆ ಒಗೆದ ಹಾಗೆ ಒಗೆದೆ ಅವನನ್ನು. ಯಾಕೆ ಬೈಯುತ್ತಿದ್ದೇನೆ ಎಂದು ಹೇಳುವ ಹಾಗಿಲ್ಲ, ಅವನು ಕಣ್ಣು ಬಿಟ್ಟುಕೊಂಡು ನಿಂತಿದ್ದ. ಕೊನೆಗೆ, "ಅದು ತಮಾಷೆ. ಯಾರು ಕೇಳಿದ್ರೂ ತಮಾಷೆಗೆ ಹೇಳಿದ್ದು ಅನ್ನು" ಅಂದೆ. ಅವನು ನನ್ನ ಮುಖ ನೋಡಿದ. ಅಷ್ಟೇನೂ ಮುಠ್ಠಾಳನಲ್ಲ. ತಲೆಯಾಡಿಸಿದ.

ಮೇಲೆ ಬಂದು ಕದ ಹಾಕಿಕೊಂಡು ಅಳಿಯನ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಹಾಕಿದೆ. ಅಂಗಿ, ಪ್ಯಾಂಟು, ಬನಿಯನ್ನು, ಕರವಸ್ತ್ರ. ಇಂಟು, ಇಂಟು, ಇಂಟು. ಸೂಜಿಯ ಮೊನೆಯಲ್ಲಿ ಒಂದೊಂದೇ ಎಳೆ ಎತ್ತಿ ಬಿಚ್ಚಿದೆ. ಮೊದಲು ಕೈ ಕೇಳಲಿಲ್ಲ. ನಾಲ್ಕಾರು ಅಂಗಿ ಆದ ಮೇಲೆ ಬೆರಳು ಹಳೆಯ ಕೆಲಸ ನೆನಪು ಮಾಡಿಕೊಂಡವು. ನೂಲು ಬಣ್ಣ ಬಿಟ್ಟ ಕಡೆ ನಸುಗೆಂಪು ಚುಕ್ಕೆ ಉಳಿದಿತ್ತು, ಬ್ಲೀಚು ಮುಟ್ಟಿಸಿದೆ.

ಅವನ ಅಂಗಿಗಳನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಎಡ ತೋಳು ಎಲ್ಲದರಲ್ಲೂ ಸವೆದಿದೆ. ಗಂಟು ಹೊರುವ ತೋಳು. ಒಂದು ಅಂಗಿ ಮಾತ್ರ ಇನ್ನೂ ಮಡಿಕೆ ಮುರಿಯದ ಹೊಸದು, ಪುಟ್ಟಿಯ ಶಾಲೆಗೆ ಹೋಗುವಾಗ ಹಾಕಲು ಇಟ್ಟದ್ದಿರಬೇಕು. ಅದಕ್ಕೂ ಇಂಟು ಹಾಕಿದ್ದೆ. ಯಾವಾಗ ಹಾಕಿದೆನೋ.

ಕೊನೆಗೆ ಟವೆಲ್ಲು. ಪ್ಲಸ್ಸು ಬಿಚ್ಚಿ, ಅದನ್ನು ಮಗಳ ಮೊಳೆಗೆ ಹಾಕಿದೆ. ಈಗ ಸೊಟ್ಟ ಮೊಳೆ ಖಾಲಿ.

ಎಂಟು ವರ್ಷದಿಂದ ಬಿಚ್ಚು ಬಿಚ್ಚು ಎಂದು ಮಗಳು ಬೇಡುತ್ತಿದ್ದಳು. ಬಿಚ್ಚಿದ್ದಾಯಿತು.

ಫೆಬ್ರವರಿ ೨೧, ಶುಕ್ರವಾರ

ಇನ್‌ಸ್ಪೆಕ್ಟರ್ ಬೆಳಿಗ್ಗೆಯೇ ಬಂದ. ಅಳಿಯನ ಬಟ್ಟೆಯನ್ನೆಲ್ಲ ತಿರುವಿ ನೋಡಿದ. ಮೊಳೆಗಳನ್ನೂ ನೋಡಿ ಕೆಳಗೆ ಅಂಗಡಿಗೆ ಬಂದ.

"ಒಂದಕ್ಕೂ ಗುರುತಿಲ್ಲ."

"ಮನೆಯವರ ಬಟ್ಟೆಗೆ ಹಾಕಲ್ಲ."

"ನಿಮ್ಮ ಇಸ್ತ್ರಿಯವನು ಬೇರೆ ಹೇಳ್ದ."

ಇಸ್ತ್ರಿಯವನು ಬಗ್ಗಿಸಿದ ತಲೆ ಎತ್ತದೆ, "ತಮಾಷೆಗೆ ಅಂದೆ ಸಾರ್" ಅಂದ. ಅವನು ಉಜ್ಜುತ್ತಿದ್ದ ಅಂಗಿಯ ತೋಳು ಅಷ್ಟರಲ್ಲಿ ಗಾಜಿನ ಹಾಗೆ ಹೊಳೆಯುತ್ತಿತ್ತು.

ಇನ್‌ಸ್ಪೆಕ್ಟರ್ ಸುಮ್ಮನೆ ರಸ್ತೆ ದಾಟಿ ಎದುರಂಗಡಿಗೆ ಹೋದ. ಬೀಗದವನಿಗೆ ಎಲ್ಲ ಗೊತ್ತು. ಹತ್ತಾರು ಸಲ ಇದನ್ನೇ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವನು. ಅಷ್ಟು ದಿನ ಮುಖ ತಿರುಗಿಸಿದ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಬೀಗದವನು ಅರದಲ್ಲಿ ಕೀಲಿ ಉಜ್ಜುತ್ತಲೇ ಉತ್ತರ ಕೊಟ್ಟ. ನನಗೆ ಪೂರ್ತಿ ಕೇಳಿಸಿತು.

"ಅಳಿಯನ ಬಟ್ಟೆಗೆ ಗುರುತು ಹಾಕೋ ಅತ್ತೆ ಎಲ್ಲಾದ್ರೂ ಇರ್ತಾರಾ ಸಾರ್? ಬೀದಿ ಜನಕ್ಕೆ ಬೇರೆ ಕೆಲಸ ಇಲ್ಲ. ಅಕ್ಕನ ಬಾಯಿ ಜೋರು, ಅಷ್ಟೆ."

ಇನ್‌ಸ್ಪೆಕ್ಟರ್ ಜೀಪು ಹತ್ತುವಾಗ ನನ್ನ ಕಡೆ ತಿರುಗಿದ. "ಇನ್ನೊಂದು ಅಂಗಿ ಉಳಿದಿದೆ ಅಮ್ಮ. ಅವನ ಮೈಮೇಲಿರೋದು. ಅದನ್ನೂ ನೋಡ್ತೀನಿ."

ಅದು ನನಗೆ ಹೊಳೆದೇ ಇರಲಿಲ್ಲ.

ಜೀಪು ಹೋದ ಮೇಲೆ ನಾನೂ ರಸ್ತೆ ದಾಟಿದೆ. ಬೀಗದವನ ಅಂಗಡಿಯ ಸ್ಟೂಲಿನ ಮೇಲೆ ಕೂತೆ. ಅವನು ಟೀ ತರಿಸಿದ. ಇಬ್ಬರೂ ಕುಡಿದೆವು. ಕೀಲಿ ಉಜ್ಜುವ ಕೆಲಸ ನೋಡಲು ಚೆನ್ನಾಗಿರುತ್ತದೆ.

ಸಂಜೆ ಕೈ ವ್ಯಾಯಾಮದ ಹುಡುಗಿ ಬಂದು ಬೆರಳು ಮಡಚಿ ಬಿಚ್ಚಿ ನೋಡಿ, "ಅಜ್ಜಿ, ಒಂದೇ ವಾರದಲ್ಲಿ ಇಷ್ಟು? ಏನ್ ಮಾಡಿದ್ರಿ?" ಎಂದು ಕೇಳಿದಳು. ಸೂಜಿ ಕೆಲಸ ಅಂದೆ. "ಹಾಗೇ ಮುಂದುವರಿಸಿ" ಅಂದಳು.

ಫೆಬ್ರವರಿ ೨೨, ಶನಿವಾರ

ಠಾಣೆಗೆ ಹೋದೆ. ಮಗಳು ಬರುತ್ತೇನೆ ಅಂದಳು, ಬೇಡ ಅಂದೆ. ಅಂಗಿಯ ವಿಷಯ ಏನಾಯಿತೋ ಎಂಬುದೊಂದೇ ತಲೆಯಲ್ಲಿ. ಒಂದು ಅಂಗಿ, ಪ್ಯಾಂಟು ಚೀಲದಲ್ಲಿ ಹಾಕಿಕೊಂಡೆ. ಆ ಹೊಸ ಅಂಗಿಯನ್ನೇ ಒಯ್ದೆ.

ಇನ್‌ಸ್ಪೆಕ್ಟರ್ ಕಾಗದಗಳಿಂದ ತಲೆ ಎತ್ತಿ, "ನೋಡ್ದೆ ಅಮ್ಮ. ಅದರಲ್ಲೂ ಗುರುತಿಲ್ಲ. ಟವೆಲ್ಲು ತನ್ನದೇ ಅಂತ ಅವನೂ ಒಪ್ಪಿ ಸಹಿ ಹಾಕಿದ್ದಾನೆ. ಸೋಮವಾರ ಜೈಲಿಗೆ ಕಳಿಸ್ತೀವಿ" ಅಂದ. ಅವನ ಮುಖದಲ್ಲಿ ಗೆದ್ದ ಸಂತೋಷ ಇರಲಿಲ್ಲ. ನನ್ನನ್ನೇ ಒಂದು ಘಳಿಗೆ ನೋಡಿದ.

ಗುರುತಿಲ್ಲ ಎಂದರೆ ಹೇಗೆ. ಆ ಅಂಗಿಗೆ ನಾನೇ ಹಾಕಿದ್ದೇನೆ.

ಅಳಿಯ ಸರಳಿನ ಆಚೆ ಕೂತಿದ್ದ. ಗಡ್ಡ ಬಂದಿತ್ತು. ನನ್ನನ್ನು ಕಂಡು ಎದ್ದು ನಿಂತ. ಹಲ್ಲು ಕಿರಿದ. ಚೀಲ ಕೊಟ್ಟೆ. ಅಲ್ಲೇ ಗೋಡೆ ಕಡೆ ತಿರುಗಿ ಅಂಗಿ ಬದಲಾಯಿಸಿ ಹಳೆಯದನ್ನು ಸರಳಿನ ನಡುವೆ ಚಾಚಿದ. ಕಾಲರಿನ ಒಳಗೆ ಕೈ ಹಾಕಿ ನೋಡಿದೆ. ನೂಲಿಲ್ಲ. ತೂತುಗಳಿದ್ದವು, ಒಂದು ಕಡೆ ಬಟ್ಟೆ ಹರಿದಿತ್ತು. ಸೂಜಿಯಲ್ಲಿ ಬಿಚ್ಚಿದ್ದಲ್ಲ. ಹಲ್ಲಿನಲ್ಲಿ ಕಿತ್ತದ್ದು.

"ಚುಚ್ಚುತ್ತಿತ್ತು ಅತ್ತೆ" ಅಂದ.

"ಎಂಟು ವರ್ಷ ಚುಚ್ಚಲಿಲ್ವಾ?"

"ಎಂಟು ವರ್ಷನೂ ಚುಚ್ತಿತ್ತು. ಇಲ್ಲಿ ಪುರುಸೊತ್ತು ಸಿಕ್ತು, ಅಂಗಿದು, ಪ್ಯಾಂಟಿಂದು ಎಲ್ಲಾ ಕಿತ್ತೆ."

ಪೇದೆ ಪಕ್ಕದಲ್ಲೇ ನಿಂತಿದ್ದ. ಏನು ಕೇಳುವುದು. ಅವನೇ ಸ್ವರ ತಗ್ಗಿಸಿ ಹೇಳಿದ. "ಚೀಲದಲ್ಲಿ ಆ ಟವೆಲ್ಲು ತೋರಿಸಿದಾಗ ಮೊದಲು ಮೂಲೆ ನೋಡ್ದೆ. ಪ್ಲಸ್ಸು ಇರಲಿಲ್ಲ. ಆಮೇಲೆ ನಾನು ಏನೂ ಕೇಳಲಿಲ್ಲ ಅತ್ತೆ. ನೀವೂ ಕೇಳಬೇಡಿ. ಪುಟ್ಟಿಗೆ ಜಡೆ ಹಾಕೋಕೆ ನನಗೆ ಬರಲ್ಲ. ನೀವೇ ನೋಡಿದ್ದೀರಲ್ಲ."

ನಾನು, "ಊಟ ಸರಿಯಾಗಿ ಕೊಡ್ತಾರಾ?" ಎಂದು ಕೇಳಿದೆ.

"ನಿಮ್ಮ ಕೈಯಷ್ಟು ಖಾರ ಇಲ್ಲ" ಅಂದ.

ಹೊರಗೆ ಬಂದು ರಸ್ತೆಯಲ್ಲಿ ನಿಂತಾಗ ಯಾವ ಕಡೆ ಮನೆ ಎಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಲಕ್ವದಿಂದ ಇರಬಹುದು. ಕೈ ಹುಡುಗಿಗೆ ಹೇಳಬೇಕು.

ಫೆಬ್ರವರಿ ೨೩, ಭಾನುವಾರ

ಅಂಗಡಿ ರಜ. ಅಂಗಿ ಒಗೆಯಲಿಲ್ಲ.

ಮಗಳು ತನ್ನ ಮೊಳೆಯಲ್ಲಿರುವ ಟವೆಲ್ಲು ಮುಟ್ಟುತ್ತಿಲ್ಲ. ಮುಖ ತೊಳೆದು ತೋಳಿಗೆ ಒರೆಸಿಕೊಳ್ಳುತ್ತಾಳೆ.

ಫೆಬ್ರವರಿ ೨೪, ಸೋಮವಾರ

ಬೆಳಿಗ್ಗೆ, ಠಾಣೆಯಿಂದ ತಂದ ಹುಡುಗನ ಅಂಗಿ ಒಗೆದೆ. ಮೆಷಿನ್ನಿಗೆ ಹಾಕಲಿಲ್ಲ, ಕೈಯಲ್ಲೇ ಒಗೆದೆ. ಇಸ್ತ್ರಿ ಮಾಡಿದೆ. ಗಿರಾಕಿಗೆ ಕೊಡುವ ಬಟ್ಟೆಯನ್ನು ಗುರುತು ಮೇಲೆ ಕಾಣುವ ಹಾಗೆ ಕಾಲರು ತಿರುವಿ ಮಡಿಸಿಡುವುದು ನಮ್ಮ ಪದ್ಧತಿ. ಹಾಗೆಯೇ ಮಡಿಸಿ ಮಗಳ ಮೇಜಿನ ಮೇಲೆ ಇಟ್ಟೆ. ಯಾಕೆ ಇಟ್ಟೆ ಎಂದರೆ, ಅವಳ ಗಂಡನ ಅಂಗಿ, ಇನ್ನೆಲ್ಲಿ ಇಡಲಿ.

ಅವಳು ಇಸ್ತ್ರಿ ಮಾಡುತ್ತಿದ್ದವಳು ನಿಲ್ಲಿಸಿ ಕಾಲರಿನ ಮೇಲೆ ಬೆರಳಾಡಿಸಿದಳು. ತೂತುಗಳ ಮೇಲೆ, ಹರಿದ ಕಡೆ.

"ಇದನ್ನೂ ನೀನೇ ಬಿಚ್ಚಿದ್ಯಾ?"

"ಇದನ್ನ ನಾನಲ್ಲ."

ಅವಳು ನನ್ನನ್ನು ನೋಡಿದಳು. ಠಾಣೆಯಲ್ಲಿ ನಡೆದದ್ದನ್ನು ಹೇಳಿದೆ. ಮೂಲೆ ನೋಡಿದ್ದು, ಸಹಿ ಹಾಕಿದ್ದು, ಜಡೆ. ಬೇಡ ಎಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು. ಮಗಳು ಅಳಲಿಲ್ಲ. ಒಳಗೆ ಹೋಗಿ ತಲೆ ಬಾಚಿಕೊಂಡಳು. ಪುಟ್ಟಿಯ ಶಾಲೆಯ ಚೀಲಕ್ಕೆ ಊಟದ ಡಬ್ಬಿ ಹಾಕಿದಳು. ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ವಕೀಲರ ಹತ್ರ. ಅಲ್ಲಿಂದ ಠಾಣೆಗೆ. ಅವರನ್ನ ಜೈಲಿಗೆ ಕಳಿಸೋದ್ರೊಳಗೆ." ಬಾಗಿಲಲ್ಲಿ ನಿಂತು, "ಹಾಸ್ಟೆಲಿನವನ ಹೆಸರೂ ಹೇಳ್ತೀನಿ ಅಮ್ಮ. ಅಂಗಡಿಗೆ ಹಾಸ್ಟೆಲ್ ಕೆಲಸ ಇನ್ನು ಇರಲ್ಲ" ಅಂದಳು.

ತಡೆಯಬೇಕು ಎಂದಿತ್ತು. ಅವಳು ಹೊತ್ತಿಸಿಯೇ ಬಿಟ್ಟಿದ್ದ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಯಾರದ್ದೋ ಪ್ಯಾಂಟು ಇತ್ತು, ಸುಟ್ಟೀತು ಎಂದು ಎತ್ತಲು ಹೋದೆ. ಬಲಗೈಯಲ್ಲೇ ಎತ್ತಿದೆ, ಆಮೇಲೆ ಗೊತ್ತಾಯಿತು. ತಿರುಗುವಷ್ಟರಲ್ಲಿ ಅವಳು ರಸ್ತೆ ದಾಟಿದ್ದಳು. ಬೀಗದವನು ಅಂಗಡಿಯಿಂದ ಇಳಿದು ಏನೋ ಕೇಳಿದ. ಅವಳು ಹೇಳಿದಳು. ಅವನು ನನ್ನ ಕಡೆ ನೋಡಿ, ಅಂಗಡಿಗೆ ಬೀಗ ಹಾಕಿ ಅವಳ ಜೊತೆ ಹೊರಟ.

ಇನ್‌ಸ್ಪೆಕ್ಟರ್ ನನ್ನನ್ನೂ ಕರೆಸುತ್ತಾನೆ. ಗುರುತು ಬಿಚ್ಚಿದ್ದು ಯಾರು ಎಂದು ಕೇಳುತ್ತಾನೆ. ನಾನು ಎಂದು ಹೇಳುತ್ತೇನೆ. ಕಣ್ಣಾರೆ ನೋಡಿ ನಂಬಿದ ಅವನಿಗೂ ಒಂದು ಮಾತು ಹೇಳುವುದಿದೆ, ಬ್ಲೀಚು ಹಾಕಿದ ಜಾಗ ಮೂಸಿದ್ದರೆ ಅವತ್ತೇ ಸಿಕ್ಕಿಬೀಳುತ್ತಿದ್ದೆ.

ಅಳಿಯನ ಬಟ್ಟೆಗಳನ್ನು ಮತ್ತೆ ಮಡಿಸಿ ಮನೆ ಗಂಟಿನಲ್ಲೇ ಇಟ್ಟೆ. ಸೂಜಿ, ಕೆಂಪು ನೂಲು ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ.

ಪುಟ್ಟಿಗೆ ಶಾಲೆಗೆ ಹೊತ್ತಾಗುತ್ತಿತ್ತು. ಕೂರಿಸಿಕೊಂಡು ಜಡೆ ಹಾಕಿದೆ. ಬೆರಳು ಅರ್ಧಕ್ಕೆ ಸೋತವು, ಒಂದು ಕಡೆ ಮೇಲೆ ಹೋಯಿತು, ಒಂದು ಕಡೆ ಕೆಳಗೆ ಬಂತು. ಬಿಚ್ಚಿ ಮತ್ತೆ ಹಾಕಲೇ ಎಂದು ಕೇಳಿದೆ. ಪುಟ್ಟಿ ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡಿತು.

"ಬೇಡ ಅಜ್ಜಿ. ಅಪ್ಪ ಹಾಕಿದ ಹಾಗೇ ಇದೆ" ಅಂದಿತು.